ನಾಲ್ಕನೆಯ ಹಲಗೆ

ಹುಳಿ ದಂಟಿನ ರೂಬಾರ್ಬ್ ಗಿಡದ ಬುಡದಲ್ಲಿ ಕ್ಲಿಫರ್ಡ್ ನಾಲ್ಕನೆಯ ಹಲಗೆ ನೆಡುವುದನ್ನು ಕಂಡು ಅವನ ಹೆಂಡತಿ ಈನಿಡ್‌ಗೆ ತಲೆ ಚಿಟ್ಟು ಹಿಡಿಯಿತು. ಒಂದರಲ್ಲಿ ‘ದಂಟು ತಿರುಚಿ ಕೀಳು, ಚಾಕು ಬೇಡ’. ಇನ್ನೊಂದರಲ್ಲಿ ‘ಎಲೆ ವಿಷ’. ಮತ್ತೊಂದರಲ್ಲಿ ‘ಹೂದಂಟು ಬಂದರೆ ಕಿತ್ತೆಸೆ’.

“ಅಲ್ಲ ಮಾರಾಯ, ಯಾರಿಗೆ ಈ ಪಾಠ? ಇದೆಲ್ಲ ನಮ್ಮ ಯಾರ್ಕ್‌ಶೈರಲ್ಲಿ ಹಸುಗೂಸಿಗೂ ಗೊತ್ತು. ಮೂವತ್ತು ವರ್ಷದಿಂದ ಈ ಬಾಡಿಗೆ ತೋಟದಲ್ಲಿ ನೀನು ನನಗೆ ಒಂದು ದಂಟೂ ಮುಟ್ಟೋಕೆ ಬಿಟ್ಟಿಲ್ಲ. ನನ್ನದೇನಿದ್ರೂ ಒಲೆ ಮುಂದೆ ದಂಟು ಬೇಯಿಸಿ ಸಕ್ಕರೆ ಸುರಿಯೋ ಕೆಲಸ. ಮೊನ್ನೆ ಒಬ್ಬನೇ ಆಸ್ಪತ್ರೆಗೆ ಹೋಗಿ ಬಂದಾಗಿಂದ ಇದೇ ಹುಚ್ಚು ನಿಂಗೆ. ಡಾಕ್ಟರು ಏನಂದ್ರು ಅಂತ ಕೇಳಿದ್ರೆ ಬಾಯಿ ಬಿಡಲ್ಲ, ಹಲಗೆ ಮೇಲೆ ಮಾತ್ರ ಪುರಾಣ.”

ಅವನು ನಾಲ್ಕನೆಯ ಹಲಗೆಯನ್ನು ಸುತ್ತಿಗೆಯಿಂದ ಬಡಿದ. ಅದರಲ್ಲಿ ಹೀಗಿತ್ತು: ‘ಈ ವರ್ಷ ದಂಟು ಎಳಸಾಗಲೆಂದು ಬಕೆಟ್ ಮುಚ್ಚಿ ಕತ್ತಲಲ್ಲಿ ಬೆಳೆಸಿದ್ದು. ಇನ್ನೆರಡು ವರ್ಷ ಮುಚ್ಚಬೇಡ, ಗಿಡ ಸುಧಾರಿಸಿಕೊಳ್ಳಲಿ.’

“ಅಕ್ಷರ ನೋಡು, ಒಂದೊಂದೂ ಕುಂಬಳಕಾಯಿ ಗಾತ್ರ. ಪಕ್ಕದ ತೋಟದವರು ನಗ್ತಿದಾರೆ.”

“ನೀನು ದಿನಾ ಕನ್ನಡಕ ಮನೇಲೇ ಬಿಟ್ಟು ಬರ್ತೀಯಲ್ಲ,” ಎಂದ ಕ್ಲಿಫರ್ಡ್, ತಲೆಯೆತ್ತದೆ.

ಈನಿಡ್ ಮೂಗಿನ ಮೇಲೆ ಕೈಯಾಡಿಸಿಕೊಂಡಳು. ಇವತ್ತೂ ಕನ್ನಡಕ ಮರೆತಿದ್ದಳು. ಆದರೂ ನಾಲ್ಕು ಹಲಗೆಗಳನ್ನೂ ನಿಂತಲ್ಲಿಂದಲೇ ಓದಿ ಮುಗಿಸಿದ್ದಳು.