ನಾಲ್ಕನೆಯ ಕಾರ್ಡು

ಮುದುಕನ ಚೀಲದಲ್ಲಿ ಕತ್ತರಿ ಇತ್ತು. ದಾಖಲೆ ಕೋಣೆಯ ಕಾರ್ಡಮ್ಮ ಅದನ್ನು ಆಗಲೇ ನೋಡಿದ್ದಳು.

"ಅದನ್ನ ಮೇಜಿನ ಮೇಲಿಡಿ ಯಜಮಾನರೇ. ಕತ್ತರಿ, ಬ್ಲೇಡು ಒಳಗೆ ತರೋ ಹಾಗಿಲ್ಲ."

"ದರ್ಜಿ ನಾನು, ತಾಯಿ. ಕತ್ತರಿ ಬಿಟ್ಟು ಹೊರಟರೆ ಕೈನೇ ಮನೇಲಿ ಮರೆತು ಬಂದ ಹಾಗಾಗತ್ತೆ," ಎಂದು ಮುದುಕ ನಗಲು ನೋಡಿದ. ಆಕೆ ನಗಲಿಲ್ಲ. ಕತ್ತರಿ ಮೇಜಿಗೆ ಬಂತು.

ನಗರಸಭೆಯ ಹಳೆಯ ದಾಖಲೆ ಕೋಣೆಗೆ ಬರುವವರು ಎರಡೇ ಬಗೆ. ಹಿರಿಯರ ದೊಡ್ಡಸ್ತಿಕೆ ಹುಡುಕಿಕೊಂಡು ಬರುವವರು, ಹಿರಿಯರ ಮಸಿ ಒರೆಸಲು ಬರುವವರು. ಎರಡನೆಯವರ ಕೈಮೇಲೆ ಕಣ್ಣಿಟ್ಟಿರಬೇಕು. ಒಮ್ಮೆ ಒಬ್ಬ ಮಹಾಶಯ ತನ್ನ ಮುತ್ತಾತನ ಜೈಲುವಾಸವನ್ನು ಹರಿದು, ಬಾಯಿಗೆ ಹಾಕಿಕೊಂಡು, ಅಗಿದು ನುಂಗಿಯೇಬಿಟ್ಟಿದ್ದ.

ದರ್ಜಿ ಒಂದು ಹೆಸರು ಹೇಳಿದ. ಡಬ್ಬ ಎಳೆಯುವ ಮುಂಚೆ ಕಾರ್ಡಮ್ಮನ ಕೈ ಒಂದು ಗಳಿಗೆ ನಿಂತಿತು.

"ಆ ಹೆಸರಿನವರು ಐದು ಜನ ಇದ್ದಾರೆ."

ಅದೇ ಆಕೆಯ ಕೆಲಸ. ಹಳೆಯ ಕಾಗದಗಳಲ್ಲಿ ಬರೀ ಹೆಸರು ಇರುತ್ತದೆ. ಯಾರ ಪುಣ್ಯ ಯಾರದ್ದು, ಯಾರ ಪಾಪ ಯಾರದ್ದು ಎಂದು ಬಿಡಿಸಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬರೆಯಬೇಕು. ಕಾರ್ಡಮ್ಮ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಆ ಐವರು ಡಬ್ಬದೊಳಗೆ ಒಬ್ಬರ ಬೆನ್ನಿಗೊಬ್ಬರು ಒರಗಿ ನಿಂತಿದ್ದರು. ಮೊದಲನೆಯವನು ಇನ್ನೂರು ವರ್ಷದ ಹಿಂದಿನ ದೋಣಿಗಾರ; ಈಜು ಬಾರದೆ ಸತ್ತ. ಎರಡನೆಯವನು ಗಂಟೆ ಎರಕ ಹೊಯ್ಯುವವನು, ಕಿವುಡ. ಮೂರನೆಯವನು ಕ್ಷೌರಿಕ, ಹಲ್ಲನ್ನೂ ಕೀಳುತ್ತಿದ್ದ, ಒಮ್ಮೊಮ್ಮೆ ಸರಿಯಾದ ಹಲ್ಲನ್ನೇ. ಕೊನೆಯ ಇಬ್ಬರೂ ಒಂದೇ ಕಾಲದವರು, ಒಂದೇ ನೂಲಿನ ಗಿರಣಿಯವರು. ನಾಲ್ಕನೆಯವನು ಯಂತ್ರಗಳಿಗೆ ಎಣ್ಣೆ ಬಿಡುವವನು. ಐದನೆಯವನು ಆಳುಗಳ ಮೇಲಿನ ಮೇಸ್ತ್ರಿ.

"ನಾಲ್ಕನೆಯವನು ನಮ್ಮಪ್ಪ," ಎಂದ ದರ್ಜಿ.

ಆಕೆ ಕಾರ್ಡು ತೆಗೆದು ಮುಂದಿಟ್ಟಳು. ಒಂದು ತುದಿಯನ್ನು ಬೆರಳಿನಿಂದ ಒತ್ತಿಯೇ ಹಿಡಿದಿದ್ದಳು. ಅದರಲ್ಲಿ ಏನಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಗಿರಣಿಗೆ ಬೆಂಕಿ ಬಿದ್ದ ದಿನ ಹೊರಗಿನಿಂದ ಬಾಗಿಲಿಗೆ ಬೀಗ ಹಾಕಿದವನು. ಒಳಗೆ ಸತ್ತವರು ಒಂಬತ್ತು ಹೆಂಗಸರು.

"ನಾವು ಮೊದಲು ಇದನ್ನ ಓದಿದ್ದು ಊರಿನ ಚರಿತ್ರೆ ಪುಸ್ತಕದಲ್ಲಿ," ಎಂದ ದರ್ಜಿ. "ಇಪ್ಪತ್ತು ವರ್ಷ ಆಯ್ತು. ಅಳತೆ ಕೊಟ್ಟು ಹೋದವರು ಬಟ್ಟೆ ವಾಪಸ್ ತಗೊಂಡು ಹೋದರು. ಒಬ್ಬಾಕೆ ಅಂಗಡಿ ಮುಂದೆ ನಿಂತು, 'ನಮ್ಮಜ್ಜಿ ಒಳಗಿದ್ದಳು' ಅಂದಳು. ಅಷ್ಟೇ ಅಂದದ್ದು. ಅವತ್ತಿಂದ ಯಾರ ಮುಖ ನೋಡಿಯೂ ಅಳತೆ ತಗೊಂಡಿಲ್ಲ ತಾಯಿ. ಭುಜ, ಎದೆ, ತೋಳು. ಕುತ್ತಿಗೆಯಿಂದ ಮೇಲಕ್ಕೆ ಕಣ್ಣು ಎತ್ತಿಲ್ಲ."

ಕಾರ್ಡಮ್ಮ ಕಾರ್ಡನ್ನೇ ನೋಡುತ್ತಿದ್ದಳು.

"ಪುಸ್ತಕದವರು ಇಲ್ಲಿಂದಲೇ ಬರಕೊಂಡದ್ದು ಅಂತ ಕೇಳಿದೆ. ಇದನ್ನ ಬರೆದವರು ಯಾರು?"

"ನಾನೇ. ಆಗ ಹೊಸಬಳು. ಏಳು ತಿಂಗಳ ಬಸುರಿ. ಕೂತು ಮಾಡೋ ಕೆಲಸ ಅಂತ ಇದನ್ನ ಕೊಟ್ಟಿದ್ದರು."

"ಅಸಲು ಕಾಗದದಲ್ಲೂ ಹೀಗೇ ಇದೆಯಾ?"

"ಅದಕ್ಕೆ ಗೆದ್ದಲು ಹಿಡಿದಿದೆ. ಮುಟ್ಟಿದರೆ ಪುಡಿಯಾಗತ್ತೆ."

ದರ್ಜಿ ತಲೆಯಾಡಿಸಿದ. "ಜಗಳಕ್ಕೆ ಬಂದವನಲ್ಲ ನಾನು. ಮಗಳಿಗೆ ಗಂಡುಮಗು ಆಗಿದೆ. ನಾಳೆ ಬೆಳಿಗ್ಗೆ ಹೆಸರು ಬರೆಸಬೇಕು. ತನ್ನ ತಾತನ ಹೆಸರೇ ಇಡ್ತೀನಿ ಅಂತ ಹಟ ಹಿಡಿದಿದ್ದಾಳೆ. 'ಇರುವೆ ಕಂಡರೆ ಕಾಲು ಎತ್ತಿ ದಾಟೋ ಮನುಷ್ಯ, ಬೀಗ ಹಾಕ್ತಾನಾ?' ಅಂತ ಕೇಳ್ತಾಳೆ. ನನಗೂ ಒಂದೇ ಒಂದು ಅನುಮಾನ. ಎಣ್ಣೆ ಡಬ್ಬಿ ಹಿಡಿದವನ ಕೈಗೆ ಬಾಗಿಲಿನ ಕೀಲಿಕೈ ಹೇಗೆ ಬಂತು?"

ಗೋಡೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಆತನ ಕೈ ಮೆಲ್ಲಗೆ ಕಾರ್ಡಿನತ್ತ ಸರಿಯಿತು. ಆಕೆಯ ಬೆರಳು ಇನ್ನಷ್ಟು ಬಿಗಿಯಾಯಿತು. ಈಗ ಕಿತ್ತುಕೊಳ್ಳುತ್ತಾನೆ, ಈಗ.

ಆತ ಅಕ್ಷರಗಳ ಮೇಲೆ ಬೆರಳಾಡಿಸಿದ. ಅಷ್ಟೇ.

"ನೀವು ಓದಿದವರು ತಾಯಿ, ಕಾಗದ ನೋಡಿದವರು. ಒಂದೇ ಮಾತು ಹೇಳಿ. ಮಗೂಗೆ ಆ ಹೆಸರು ಇಡಬಹುದಾ?"

ಕಾರ್ಡಮ್ಮ ಕಾರ್ಡನ್ನು ತನ್ನತ್ತ ಎಳೆದುಕೊಂಡಳು.

"ಕಾರ್ಡಿನಲ್ಲಿ ಇರೋದು ಇಷ್ಟೇ," ಎಂದಳು.

"ಸರಿ ಬಿಡಿ." ದರ್ಜಿ ಎದ್ದ. "ಆ ಹೆಸರು ನಮ್ಮ ಮನೇಲಿ ಇಲ್ಲಿಗೆ ಮುಗೀಲಿ. ಆ ಮೇಸ್ತ್ರಿ ಪುಣ್ಯವಂತ. ಅದೇ ಹೆಸರು, ಅದೇ ಗಿರಣಿ, ಆದರೂ ಒಂದು ಚುಕ್ಕೆ ಕಲೆ ಇಲ್ಲ. ನಮ್ಮಪ್ಪನ ಕಾರ್ಡು ಅವರ ಪಕ್ಕ ಇಡಬೇಡಿ ತಾಯಿ. ಅವರಿಗೆ ಅವಮಾನ."

ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡ. ಹೊಸ್ತಿಲ ಬಳಿ ಎದುರಿಗೆ ಎತ್ತರದ ಯುವಕನೊಬ್ಬ ಹೆಲ್ಮೆಟ್ ಹಿಡಿದು ನಿಂತಿದ್ದ.

"ಅಮ್ಮಾ, ಐದು ಗಂಟೆ ಆಯ್ತು. ಇವತ್ತೂ ಲೇಟಾದರೆ ನಿನ್ನನ್ನೂ ಡಬ್ಬಕ್ಕೆ ಹಾಕಿ ಮುಚ್ಚಿಬಿಡ್ತೀನಿ ನೋಡು." ಮುದುಕನನ್ನು ಕಂಡು ದಾರಿ ಬಿಟ್ಟ. "ಬನ್ನಿ ತಾತ, ಮೆಟ್ಟಿಲು ಎತ್ತರ ಇದೆ," ಎಂದು ಕೈ ಕೊಟ್ಟ.

"ನೀನು ಹೋಗು, ಕೆಳಗೆ ಗಾಡಿ ಹತ್ತಿರ ನಿಂತಿರು," ಎಂದು ಕಾರ್ಡಮ್ಮ ಧಡಕ್ಕನೆ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು.

ಆದರೆ ದರ್ಜಿ ಆ ಕೈ ಹಿಡಿದಾಗಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಪರರೊಬ್ಬರ ಮುಖವನ್ನು ಕತ್ತೆತ್ತಿ ನೋಡಿದ.

"ಚೆನ್ನಾಗಿರಪ್ಪ. ಏನು ನಿನ್ನ ಹೆಸರು?"

ಯುವಕ ಹೇಳಿದ. ಡಬ್ಬದೊಳಗಿನ ಐವರದ್ದೂ ಅದೇ ಹೆಸರು.

ದರ್ಜಿ ಕೈ ಬಿಡಲಿಲ್ಲ.

"ಹಳೇ ಕಾಲದ ಹೆಸರು ಅಂತ ಎಲ್ಲರೂ ನಗ್ತಾರೆ ತಾತ," ಎಂದ ಯುವಕ ಹೆಮ್ಮೆಯಿಂದ. "ಅಮ್ಮನ ಅಜ್ಜಂದು. ಇಲ್ಲೇ ಗಿರಣೀಲಿ ಮೇಸ್ತ್ರಿ ಆಗಿದ್ದರಂತೆ. ಬಾಗಿಲಿನ ಕೀಲಿಕೈ ಗೊಂಚಲು ಯಾವಾಗಲೂ ಅವರ ಸೊಂಟದಲ್ಲೇ ಇರ್ತಿತ್ತಂತೆ. ನಾನು ಹೊಟ್ಟೇಲಿದ್ದಾಗಲೇ ಅಮ್ಮ ಇದೇ ಹೆಸರು ಅಂತ ಗಟ್ಟಿ ಮಾಡಿಬಿಟ್ಟಿದ್ದಳಂತೆ."