ಈ ಬಾಕಿ ನನ್ನದಲ್ಲ

ಮೂರನೆಯ ಕಾಗದಕ್ಕೆ ಸಹಿ ಹಾಕಬೇಕಾದ ಜಾಗದಲ್ಲಿ ಟ್ಯಾಕ್ಸಿ ಡ್ರೈವರನ ಪೆನ್ನು ನಿಂತುಬಿಟ್ಟಿತು. ಎದುರಿಗೆ ಕೂತಿದ್ದವನನ್ನು ಬೀದಿಯವರೆಲ್ಲ ಸ್ಕೋರ್ ಡಾಕ್ಟರ್ ಎನ್ನುತ್ತಿದ್ದರು. ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಒಂದು ಫ್ಯಾನು, ಎರಡು ಕುರ್ಚಿ ಇಟ್ಟುಕೊಂಡು, ಕ್ರೆಡಿಟ್ ಕಾರ್ಡಿನ ಕಂತು ತಪ್ಪಿಸಿ ಬ್ಯಾಂಕುಗಳಲ್ಲಿ ಹೆಸರು ಕೆಡಿಸಿಕೊಂಡವರನ್ನು ರಿಪೇರಿ ಮಾಡುವುದು ಅವನ ಕಸುಬು. ಎಲ್ಲರಿಗೂ ಮದ್ದು ಒಂದೇ. ಬಾಕಿಗೊಂದು ಕಾಗದ, ಕಾಗದಕ್ಕೊಂದು ಸಾಲು: 'ಈ ಖರ್ಚು ನನ್ನದಲ್ಲ, ಈ ಬಾಕಿ ನನ್ನದಲ್ಲ.' ಹಳೆಯ ರಸೀದಿ ಹುಡುಕುವ ಗೋಜು ಯಾರಿಗೆ ಬೇಕು? ತಿಂಗಳು ಕಳೆಯುವುದರೊಳಗೆ ಬ್ಯಾಂಕಿನವರು ಆ ಬಾಕಿಯನ್ನೇ ದಾಖಲೆಯಿಂದ ತೆಗೆದುಬಿಡುತ್ತಿದ್ದರು. ಸುಳ್ಳು ಹೌದು, ಆದರೆ ಅದರಿಂದ ಯಾರ ಗಂಟೇನು ಹೋಗುತ್ತದೆ ಎಂದು ಡ್ರೈವರನೂ ಅಂದುಕೊಂಡಿದ್ದ.

"ಹಾಕಿ, ಹಾಕಿ. ಇದೊಂದು ಹೋದ್ರೆ ನಿಮ್ಮ ಸ್ಕೋರು ಏಳುನೂರು ದಾಟುತ್ತೆ, ಬ್ಯಾಂಕಲ್ಲಿ ಲೋನ್ ಸಿಗುತ್ತೆ. ಒಂಬತ್ತು ವರ್ಷ ಇನ್ನೊಬ್ಬರ ಕಾರು ಓಡಿಸಿದ್ದು ಸಾಲ್ದಾ? ನಿಮ್ಮ ಓನರ್ ಆ ಕಾರನ್ನ ನಿಮಗೇ ಮಾರ್ತೀನಿ, ಲೋನ್ ಆಗೋವರೆಗೂ ಕಾಯ್ತೀನಿ ಅಂದಿರೋದೇ ದೊಡ್ಡದು," ಎಂದ ಡಾಕ್ಟರ್.

ಡ್ರೈವರ್ ಕಾಗದವನ್ನೇ ನೋಡುತ್ತಿದ್ದ. ಮೊದಲನೆಯ ಕಾಗದ ಫ್ರಿಡ್ಜಿನದ್ದು. ಅದು ಅಳಿಸಿಹೋಯಿತೆಂದು ಮೆಸೇಜು ಬಂದ ದಿನ ಮನೆಗೆ ಹೋದರೆ, ಅಡುಗೆಮನೆಯ ಮೂಲೆಯಲ್ಲಿ ಫ್ರಿಡ್ಜ್ ಇರಲಿಲ್ಲ, ಅಕ್ಕಿಯ ಡಬ್ಬ ಇತ್ತು. "ಫ್ರಿಡ್ಜಾ? ನಮಗೆಲ್ಲಿಂದ ಬರ್ಬೇಕು? ಬಿಸಿಲಲ್ಲಿ ಗಾಡಿ ಓಡ್ಸಿ ತಲೆ ಸುತ್ತುತಿದ್ಯಾ?" ಎಂದು ಹೆಂಡತಿ ನಕ್ಕಿದ್ದಳು. ಇರಬಹುದು ಎಂದುಕೊಂಡೇ ಅವನು ಎರಡನೆಯದಕ್ಕೂ ಸಹಿ ಹಾಕಿದ. ಅದು ಸಮುದ್ರ ನೋಡಲು ಹೋದಾಗಿನ ಲಾಡ್ಜಿನ ಬಿಲ್ಲು. ಆ ಬಾಕಿ ಹೋದ ಸಂಜೆ ಗೋಡೆಯ ಮೇಲಿನ ಫೋಟೋ ಇರಲಿಲ್ಲ, ಮೊಳೆ ಹೊಡೆದ ಗುರುತೂ ಇರಲಿಲ್ಲ. ಅಂದು ಅಲೆಗೆ ಹೆದರಿ ಅವನ ಶರ್ಟು ಹರಿಯುವಂತೆ ಹಿಡಿದುಕೊಂಡಿದ್ದ ಹೆಂಡತಿ, "ನನ್ನ ಜನ್ಮದಲ್ಲಿ ಒಂದ್ಸಲನಾದ್ರೂ ಸಮುದ್ರ ತೋರಿಸ್ತೀರಾ?" ಎಂದು ಕೇಳಿದಳು. ಅವನಿಗೆ ಮಾತ್ರ ಎಲ್ಲ ನೆನಪಿತ್ತು. ಹೇಳಿದರೆ ತಲೆ ಕೆಟ್ಟಿದೆ ಎಂದಾಳೆಂದು ಬಾಯಿ ಮುಚ್ಚಿಕೊಂಡಿದ್ದ.

ಮೂರನೆಯ ಕಾಗದ ಆಸ್ಪತ್ರೆಯದ್ದು. ಏಳು ತಿಂಗಳಿಗೇ ಹುಟ್ಟಿದ ಮಗಳನ್ನು ಇಪ್ಪತ್ಮೂರು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಕ್ಕೆ ಕಾರ್ಡು ಉಜ್ಜಿ ಕಟ್ಟಿದ ಹಣ. ಈ ಖರ್ಚು ನನ್ನದಲ್ಲ ಎಂದು ಬರೆದುಕೊಡಬೇಕು.

"ಸಾರ್, ಸಹಿ ಹಾಕಿದ್ಮೇಲೆ ಏನೇನು ಹೋಗುತ್ತೆ ಅಂತ ನಿಮಗೆ ಗೊತ್ತಲ್ವಾ?"

"ಅಳಿಸೋದು ನನ್ನ ಕೆಲಸ. ಏನು ಹೋಯ್ತು ಅಂತ ನೋಡ್ಕೊಳೋದು ನಿಮ್ಮ ಕೆಲಸ." ಡಾಕ್ಟರನ ದನಿ ಬ್ಯಾಂಕಿನ ಗುಮಾಸ್ತನ ದನಿಯಷ್ಟೇ ಸಪ್ಪೆಯಾಗಿತ್ತು. "ನಂದು ಒಂಬೈನೂರು, ಗೊತ್ತಾ? ಹುಡುಕಿದ್ರೂ ಒಂದು ಕಪ್ಪುಚುಕ್ಕೆ ಸಿಗಲ್ಲ."

"ಮನೇಲಿ ಯಾರ್ಯಾರಿದೀರಿ ಸಾರ್?"

ಡಾಕ್ಟರ್ ಮೇಜಿನ ಮೇಲಿದ್ದ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿದ, ಅಂಚು ಸರಿಮಾಡಿದ, ಮತ್ತೆ ಜೋಡಿಸಿದ. ಡ್ರೈವರ್ ಮೂರನೆಯ ಕಾಗದವನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡ. "ಈ ಬಾಕಿ ನಂದೇ. ಎಷ್ಟು ವರ್ಷ ಆದ್ರೂ ಕಟ್ತೀನಿ," ಎಂದು ಹೇಳಿ ಮೆಟ್ಟಿಲಿಳಿದ. ಬಹಳ ದಿನಗಳ ಮೇಲೆ ಅವನ ಎದೆ ಹಗುರವಾಗಿತ್ತು. ಸಾಲಗಾರನೊಬ್ಬ ಸಾಲ ಉಳಿಸಿಕೊಂಡು ಇಷ್ಟು ಖುಷಿಯಿಂದ ಮನೆಗೆ ಹೋದದ್ದನ್ನು ಆ ಬೀದಿ ನೋಡಿರಲಿಕ್ಕಿಲ್ಲ.

ಹೆಂಡತಿ ಬಾಗಿಲಲ್ಲೇ ಸಿಕ್ಕಿದಳು. ಅವನು ಒಳಗೆ ಬಂದು ಕೂತು, ಸ್ವಂತ ಕಾರು ಬೇಡ, ಓನರ್ ಕಾರಲ್ಲೇ ದುಡಿಯುತ್ತೇನೆ, ನಿಧಾನವಾಗಿ ಸಾಲ ತೀರಿಸೋಣ ಎಂದ. ಅವಳು ಸಿಡುಕುತ್ತಾಳೆಂದುಕೊಂಡಿದ್ದ. ಅವಳು ನಗುತ್ತಿದ್ದಳು.

"ನೀವ್ಯಾಕೆ ಬೇಜಾರು ಮಾಡ್ಕೋತೀರಿ? ನಾನಿಲ್ವಾ? ನನ್ನ ಹೆಸರಲ್ಲೇ ಲೋನ್ ತಗೊಳೋಣ. ನನ್ನ ಕಾರ್ಡೂ ಕೆಟ್ಟು ಕೂತಿತ್ತಲ್ಲ, ಹೋದ ತಿಂಗಳು ನಿಮಗೆ ಹೇಳದೆ ನಾನೇ ಡಾಕ್ಟರ ಹತ್ರ ಹೋಗಿ ಬಂದೆ. ನಂದು ಇದ್ದಿದ್ದು ಒಂದೇ ಕಾಗದ. ಸಹಿ ಹಾಕ್ಕೊಟ್ಟೆ."

"ಯಾವ ಬಾಕಿದು?" ಅವನು ಕೂತಲ್ಲಿಂದಲೇ ಅವಳತ್ತ ತಿರುಗಿದ.

"ಅದೇ ರೀ, ಎರಡು ವರ್ಷದ ಹಿಂದೆ ಲಾರಿ ಗುದ್ದಿ ನಿಮ್ಮನ್ನ ಆಸ್ಪತ್ರೆಗೆ ಹಾಕಿದ್ರಲ್ಲ. ಈಗ್ಲೇ ಆಪರೇಷನ್ ಮಾಡ್ಲಿಲ್ಲ ಅಂದ್ರೆ ಉಳಿಯಲ್ಲ ಅಂದಾಗ ನನ್ನ ಕಾರ್ಡ್ ತಾನೆ ಕೊಟ್ಟಿದ್ದು?"

ಅವನು ಎದ್ದು ನಿಂತ. ಏನೋ ಹೇಳಬೇಕು, ಈಗಲೇ ಓಡಬೇಕು, ಆ ಕಾಗದ ವಾಪಸು ತರಬೇಕು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಟಿಣ್ ಎಂದಿತು.

"ಬಂತು ನೋಡಿ," ಅವಳು ಓದಿ ಮುಖವರಳಿಸಿದಳು. "ತೆಗೆದ್ರಂತೆ."

ಆಗಲೇ ಮಗಳು ಸ್ಕೂಲಿನಿಂದ ಬಂದಳು. ದಿನವೂ ಬಾಗಿಲಿನಿಂದಲೇ ಅಪ್ಪನ ಕಾಲು ತಬ್ಬಿಕೊಳ್ಳುವವಳು, ಅವನು ಚಾಚಿದ ಕೈಗಳ ನಡುವೆಯೇ ಹಾದು ಹೋಗಿ, ಬ್ಯಾಗು ಕೆಳಗಿಟ್ಟು, ಖಾಲಿ ಕುರ್ಚಿಯ ಕಡೆಗೊಮ್ಮೆ ಅಮ್ಮನ ಕಡೆಗೊಮ್ಮೆ ನೋಡಿದಳು.

"ಅಮ್ಮಾ, ಯಾರ ಜೊತೆ ಮಾತಾಡ್ತಿದೀಯ?"