ಹೊಸ ಬ್ಯಾಟರಿ

“ಊಟ ಆತೇನು?” ಕೊಪ್ಪಳದಿಂದ ಗಂಡ ಗುರುಸಿದ್ದ ಕೇಳಿದ. “ಆತ್ರೀ,” ಎಂದಳು ಉಮಾಶ್ರೀ. ಮಾತು ಅಲ್ಲಿಗೇ ನಿಂತಿತು. ಬೆಂಗಳೂರಿನ ಬಿಟಿಎಂ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಅವಳು ಮೊಬೈಲನ್ನು ಕಿವಿಗೊತ್ತಿಕೊಂಡು ಕಾದಳು.

ಅದು ಮದುವೆಯಾದ ವರ್ಷ ಕೊಂಡ ಮೊಬೈಲು. ಆಗ ಒಮ್ಮೆ ಚಾರ್ಜ್ ಮಾಡಿದರೆ ಇಬ್ಬರೂ ಎಷ್ಟು ಹರಟಿದರೂ ಎರಡು ದಿನ ಬರುತ್ತಿತ್ತು. ಬರಬರುತ್ತ ಅದು ಅರ್ಧ ದಿನಕ್ಕಿಳಿಯಿತು. ಈಚೆಗಂತೂ ನಾಲ್ಕು ಮಾತಾಡುವುದರೊಳಗೆ ಕುಂಯ್ ಎಂದು ಆರಿಹೋಗುತ್ತಿತ್ತು. ಮಾತು ಅರ್ಧಕ್ಕೇ ನಿಂತಾಗಲೆಲ್ಲ ಅವಳು ಬ್ಯಾಟರಿಯನ್ನೇ ಬೈದುಕೊಂಡಿದ್ದಳು. “ಚಾರ್ಜ್ ಮಾಡಿ ಮಾಡಿ ಸವೆದುಹೋಗಿದೆ ಮೇಡಂ. ಫುಲ್ ಅಂತ ತೋರ್ಸುತ್ತೆ, ಒಳಗೆ ಹಿಡ್ಕೊಳ್ಳೋ ಶಕ್ತಿನೇ ಇಲ್ಲ,” ಎಂದು ಅಂಗಡಿಯವನು ಇವತ್ತು ಸಂಜೆ ಹೊಸದು ಹಾಕಿಕೊಟ್ಟಿದ್ದ. ಹಳೆಯ ದಿನಗಳ ಹಾಗೆ ಮನಸಾರೆ ಮಾತಾಡಿ, ಕೊನೆಯಲ್ಲಿ ಹೊಸ ಬ್ಯಾಟರಿಯ ಸುದ್ದಿ ಹೇಳಬೇಕೆಂದುಕೊಂಡು ಅವಳು ಫೋನ್ ಮಾಡಿದ್ದಳು.

ಅತ್ತ ಅವನು ಆಕಳಿಸಿದ್ದು ಕೇಳಿಸಿತು. “ನಿನ್ನ ಬ್ಯಾಟ್ರಿ ಮುಗಿಯಾಕ ಬಂದಿರಬೇಕಲ್ಲ? ಇಡ್ಲೇನು?” ಅಷ್ಟು ಕೇಳುವಾಗ ಮಾತ್ರ ಅವನ ದನಿ ಹಗುರಾಗಿತ್ತು.

ಉಮಾಶ್ರೀ ಮೊಬೈಲನ್ನು ಕಿವಿಯಿಂದ ತೆಗೆದು ನೋಡಿದಳು. ಬ್ಯಾಟರಿಯ ಗೆರೆಗಳೆಲ್ಲ ತುಂಬಿದ್ದವು. “ಹೂನ್ರೀ, ಇನ್ನೇನು ಆಫ್ ಆಗ್ತೈತಿ,” ಎಂದು ತಾನೇ ಕೆಂಪು ಗುಂಡಿ ಒತ್ತಿದಳು.